ತ್ರಿವೇಣಿಯವರ ಇಂದಿರಾ

ಕನ್ನಡ ಕಾದಂಬರಿಯ ಓದುಗರಲ್ಲಿ ಶ್ರೀಮತಿ ತ್ರಿವೇಣಿಯವರ ಹೆಸರನ್ನು ಕೇಳದವರು ವಿರಳ. ಅವರು ಹುಟ್ಟಿದ್ದು 1928ರಲ್ಲಿ, ಬಿ. ಎಂ. ಶ್ರೀಕಂಠಯ್ಯನವರ ಸೋದರನ ಮಗಳು. ಮೈಸೂರಿನಲ್ಲಿ ಮನಶ್ಶಾಸ್ತ್ರವನ್ನು ವ್ಯಾಸಂಗ ಮಾಡಿದರು. ಮದುವೆಯಾದ ಮೇಲೆ ಅನಸೂಯಾ ಶಂಕರ್ ಆದರು. ತ್ರಿವೇಣಿ ಎಂಬುದು ಅವರ ಕಾವ್ಯನಾಮ. ಗೃಹಿಣಿಯಾಗಿದ್ದುಕೊಂಡೇ ಸುಮಾರು ಹತ್ತು ವರ್ಷಗಳಲ್ಲಿ ಇಪ್ಪತ್ತರಷ್ಟು ಕಾದಂಬರಿಗಳನ್ನು ಬರೆದರು. ಹೆಣ್ಣಿನ ಒಳಮನಸ್ಸಿನ ನೋವನ್ನು ಅವರಷ್ಟು ಸರಳವಾಗಿ ಹೇಳಿದವರು ಆ ಕಾಲದಲ್ಲಿ ಅಪರೂಪ.

ಅವರ ‘ಬೆಳ್ಳಿಮೋಡ’ ಕಾದಂಬರಿಯನ್ನು ಪುಟ್ಟಣ್ಣ ಕಣಗಾಲರು 1967ರಲ್ಲಿ ಚಲನಚಿತ್ರವಾಗಿಸಿದರು. ಬಾಲ್ಯದಲ್ಲಿ ಮನೆಯವರೊಡನೆ ನೋಡಿ ಮೆಚ್ಚಿದ್ದ ಆ ಚಿತ್ರವನ್ನು ನಾನು ಈಚೆಗೆ ಮತ್ತೊಮ್ಮೆ ನೋಡಿದೆ. ಕಾಫಿ ತೋಟದ ಧಣಿಯ ಒಬ್ಬಳೇ ಮಗಳು ಇಂದಿರಾ. ಅವಳ ತಂದೆಯ ಹಣದಿಂದಲೇ ಮೋಹನ ಓದಲು ಅಮೆರಿಕಕ್ಕೆ ಹೋಗುತ್ತಾನೆ. ಅಷ್ಟರಲ್ಲಿ ಆ ಮನೆಯಲ್ಲಿ ಗಂಡುಮಗು ಹುಟ್ಟುತ್ತದೆ. ತೋಟ ಇಂದಿರಾಳದಾಗದೆಂದು ತಿಳಿದೊಡನೆ ಮೋಹನ ಮದುವೆಯ ಮಾತನ್ನು ಮುರಿಯುತ್ತಾನೆ. ಮುಂದೆ ಅಪಘಾತದಿಂದ ಹಾಸಿಗೆ ಹಿಡಿದ ಅವನಿಗೆ ಅವಳೇ ಶುಶ್ರೂಷೆ ಮಾಡುತ್ತಾಳೆ.

ಕಲ್ಪನಾ ಅವರು ಅಭಿನಯಿಸಿದ ಆ ಶುಶ್ರೂಷೆಯ ದೃಶ್ಯಗಳೇ ಅಂದು ನಮ್ಮ ಕಣ್ಣಲ್ಲಿ ನೀರು ತರಿಸಿದ್ದುವು. ಹೆಣ್ಣೆಂದರೆ ಹೀಗಿರಬೇಕೆಂದು ಹಿರಿಯರು ಹೇಳುತ್ತಿದ್ದರು. ಈ ಸಲ ನನ್ನ ಮನಸ್ಸು ನೆಟ್ಟದ್ದು ಬೇರೆಡೆಗೆ. ತಮ್ಮ ಹುಟ್ಟಿದ ಮಾತ್ರಕ್ಕೆ ಅಕ್ಕ ಏಕೆ ಬರಿಗೈಯವಳಾಗಬೇಕು? ಹೆಣ್ಣುಮಕ್ಕಳಿಗೂ ತಂದೆಯ ಸ್ವಂತ ಆಸ್ತಿಯಲ್ಲಿ ಹಕ್ಕು ನೀಡಿದ ಹಿಂದೂ ಉತ್ತರಾಧಿಕಾರ ಕಾಯಿದೆ 1956ರಲ್ಲಿಯೇ ಬಂದಿತ್ತು. 2005ರ ತಿದ್ದುಪಡಿಯಿಂದ ಅವಿಭಕ್ತ ಕುಟುಂಬದ ಆಸ್ತಿಯಲ್ಲಿಯೂ ಮಗಳು ಮಗನಿಗೆ ಸಮಾನಳಾದಳು. ಇಂದು ನೋಡುವವಳಿಗೆ ಈ ಪ್ರಶ್ನೆ ಸಹಜವಾಗಿಯೇ ಏಳುತ್ತದೆ.

ಆದರೆ ತ್ರಿವೇಣಿಯವರು ಇಂದಿರಾಳನ್ನು ಕೇವಲ ತ್ಯಾಗಮೂರ್ತಿಯಾಗಿ ಬಿಡಲಿಲ್ಲ. ಗುಣಮುಖನಾಗಿ, ಮನಸ್ಸು ಕರಗಿ ಮದುವೆಗೆ ಸಿದ್ಧನಾದ ಮೋಹನನನ್ನು ಅವಳು ನಿರಾಕರಿಸುತ್ತಾಳೆ. ಕರುಣೆ ಬೇರೆ, ಒಪ್ಪಿಗೆ ಬೇರೆ. ಮದುವೆಯೇ ಹೆಣ್ಣಿನ ಗತಿಯೆಂದು ನಂಬಿದ್ದ ಸಮಾಜದಲ್ಲಿ ಇಷ್ಟನ್ನು ಬರೆಯುವುದಕ್ಕೆ ಎಷ್ಟು ಧೈರ್ಯ ಬೇಕಾಗಿತ್ತೆಂಬುದನ್ನು ನಾವು ಊಹಿಸಬಹುದು.

ಈ ಚಿತ್ರವನ್ನು ನೋಡುವ ಭಾಗ್ಯ ತ್ರಿವೇಣಿಯವರಿಗೆ ಇರಲಿಲ್ಲ. 1963ರಲ್ಲಿ, ಮಗಳನ್ನು ಹೆತ್ತ ಕೆಲವೇ ದಿನಗಳಲ್ಲಿ, ಮೂವತ್ತನಾಲ್ಕರ ಹರೆಯದಲ್ಲಿಯೇ ಅವರು ತೀರಿಕೊಂಡರು. ಕಾಯಿದೆ ಬದಲಾಗಿದ್ದರೂ ಹೆಣ್ಣಿನೊಡನೆ ಬರುವ ಆಸ್ತಿಯನ್ನು ಎಣಿಸುವ ಮೋಹನರು ಇಂದಿಗೂ ಇದ್ದಾರೆ. ಅಂಥವರ ಮುಂದೆ ನಿಲ್ಲಬೇಕಾದ ನನ್ನ ಸಹಪಾಠಿನಿಯರು ‘ಬೆಳ್ಳಿಮೋಡ’ವನ್ನು ಒಮ್ಮೆ ಓದಬೇಕು, ಒಮ್ಮೆ ನೋಡಬೇಕು. ಅಳುವುದಕ್ಕಲ್ಲ, ಬೇಡವೆನ್ನುವುದನ್ನು ಕಲಿಯುವುದಕ್ಕೆ.