ಬಿ.ಜಿ.ಎಲ್. ಸ್ವಾಮಿ ಮತ್ತು ಮಾವಿನ ಕೊಂಬೆಯ ಸೀತಾಳೆ

ಮರಳವಾಡಿ ಹೋಬಳಿಯಲ್ಲಿ ಮಾವಿನ ಕೊಯ್ಲು ಮುಗಿದ ಮೇಲೆ ಬಂದಳಿಕೆ ಕಡಿಯಲು ಮರ ಹತ್ತುತ್ತೀರಲ್ಲವೇ? ಕತ್ತಿ ಬೀಸುವ ಮುನ್ನ ಒಂದು ಕ್ಷಣ ನೋಡಿರಿ. ಎರಡು ಸಾಲಾಗಿ ಜೋಡಿಸಿದಂಥ ದಪ್ಪ ಪಟ್ಟಿಯೆಲೆ, ತೊಗಟೆಯ ಮೇಲೆ ಹರಡಿದ ಬಿಳಿಚಿದ ಬೇರು, ಕಂದು ಚೌಕುಳಿಯ ಹೂವು ಇದ್ದರೆ ಅದು ಬಂದಳಿಕೆಯಲ್ಲ. ವಾಂಡಾ ಎಂಬ ಕಾಡು ಸೀತಾಳೆ, ಅಂದರೆ ಆರ್ಕಿಡ್. ಬಂದಳಿಕೆಯ ಬೇರು ಕೊಂಬೆಯೊಳಕ್ಕೆ ಇಳಿದು ಮರದ ನೀರನ್ನು ಹೀರುತ್ತದೆ. ಸೀತಾಳೆ ಮರವನ್ನು ಕೇವಲ ಆಸರೆಯಾಗಿ ಹಿಡಿದಿರುತ್ತದೆ.

ಒಮ್ಮೆ ಕಡಿದ ಸೀತಾಳೆ ಸುಲಭವಾಗಿ ಮರಳಿ ಬಾರದು. ಏಕೆಂಬುದನ್ನು ತಿಳಿಯಲು ನಮ್ಮವರೇ ಆದ ಬಿ.ಜಿ.ಎಲ್. ಸ್ವಾಮಿಯವರ ಬದುಕಿನತ್ತ ಹೊರಳಬೇಕು.

ಡಿ.ವಿ. ಗುಂಡಪ್ಪನವರ ಮಗನಾಗಿ 1918ರಲ್ಲಿ ಜನಿಸಿದ ಸ್ವಾಮಿಯವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಿದರು. ಅವರ ಸಂಶೋಧನೆಗೆ ಒದಗಿದ್ದು ಆರ್ಕಿಡ್ಡಿನ ಭ್ರೂಣ. ಹೂವಿನ ಅಂಡಾಶಯವನ್ನು ತೆಳುವಾಗಿ ಸೀಳಿ, ಸೂಕ್ಷ್ಮದರ್ಶಕದಡಿ ಇಟ್ಟು, ಬೀಜವು ರೂಪುಗೊಳ್ಳುವ ಹಂತಗಳನ್ನು ಒಂದೊಂದಾಗಿ ಚಿತ್ರಿಸುವ ತಾಳ್ಮೆಯ ಕೆಲಸವದು. ಆ ಅಧ್ಯಯನವು 1949ರಲ್ಲಿ ಅಮೆರಿಕದ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾಯಿತು.

ತಮಗೆ ಇಲ್ಲಿ ಗಮನಾರ್ಹವಾದದ್ದು ಇದು: ರಾಗಿ ಕಾಳಿನಲ್ಲಿ ಮೊಳಕೆಗೆ ಬೇಕಾದ ಬುತ್ತಿ ಕಟ್ಟಿಯೇ ಇರುತ್ತದೆ. ಆರ್ಕಿಡ್ಡಿನಲ್ಲಿ ಆ ಆಹಾರ ಭಾಗದ ಬೆಳವಣಿಗೆ ಆರಂಭದಲ್ಲೇ ನಿಂತುಹೋಗುತ್ತದೆ. ಕಾಯಿಯೊಂದರಲ್ಲಿ ಧೂಳಿನಂಥ ಬೀಜಗಳು ಸಾವಿರಾರು ಇದ್ದರೂ ತಕ್ಕ ಶಿಲೀಂಧ್ರದ ನೆರವಿಲ್ಲದೆ ಕಾಡಿನಲ್ಲಿ ಒಂದೂ ಮೊಳೆಯದು. ಮಡಿಯಲ್ಲಿ ಬಿತ್ತಿದರೆ ಫಲವಿಲ್ಲ. ಸಕ್ಕರೆ ಬೆರೆತ ಮಾಧ್ಯಮದಲ್ಲಿ ಬೀಜವನ್ನು ಮೊಳೆಯಿಸುವ ವಿಧಾನವನ್ನು 1922ರಲ್ಲಿ ಅಮೆರಿಕದ ನಡ್ಸನ್ ತೋರಿಸಿದರು. ಇಂದಿನ ನರ್ಸರಿ ಸಸಿಗಳ ಹಿಂದೆ ಇರುವುದು ಆ ದಾರಿಯೇ.

ಆದ್ದರಿಂದ ಕೈತೋಟಕ್ಕೆ ಸಸಿಯನ್ನು ನರ್ಸರಿಯಿಂದಲೇ ತರಬೇಕು. ಮೀಸಲು ಅರಣ್ಯದಿಂದ ಕೀಳುವುದು ಅಪರಾಧ. ವಾಂಡಾವನ್ನು ಮಣ್ಣಿನಲ್ಲಿ ನೆಡಬಾರದು, ಬೇರು ಕೊಳೆಯುತ್ತದೆ. ಒರಟು ತೊಗಟೆಯ ಮಾವು ಅಥವಾ ಹುಣಸೆಯ ಕೊಂಬೆಗೆ, ಸೋಸಿದಂತೆ ಬಿಸಿಲು ಬೀಳುವೆಡೆ, ತೆಂಗಿನ ನಾರಿನ ಹುರಿಯಿಂದ ಸಡಿಲವಾಗಿ ಕಟ್ಟಿರಿ. ಮಳೆಗಾಲದ ಆರಂಭ ಇದಕ್ಕೆ ಪ್ರಶಸ್ತ. ಬೇಸಿಗೆಯಲ್ಲಿ ಬೆಳಿಗ್ಗೆ ಬೇರು ನೆನೆಯುವಷ್ಟು ನೀರು ಚಿಮುಕಿಸಿ. ಸಂಜೆಯ ಹೊತ್ತಿಗೆ ಅದು ಒಣಗಿರಬೇಕು. ಗಡಸಾದ ಕೊಳವೆ ಬಾವಿ ನೀರು ಬೇರಿನ ಮೇಲೆ ಉಪ್ಪು ಕಟ್ಟುತ್ತದೆ, ಸಂಗ್ರಹಿಸಿದ ಮಳೆನೀರು ಲೇಸು. ಮಾವಿಗೆ ಔಷಧ ಸಿಂಪಡಿಸುವಾಗ ಆ ಕೊಂಬೆಯನ್ನು ಬಿಟ್ಟರೆ ಒಳಿತು.

ಸ್ವಾಮಿಯವರು ಮುಂದೆ ಹಾರ್ವರ್ಡಿನಲ್ಲಿ ಬೈಲಿಯವರ ಬಳಿ ಸಂಶೋಧನೆ ನಡೆಸಿದರು. ತಾವು ಗುರುತಿಸಿದ ಸಸ್ಯವೊಂದಕ್ಕೆ ಆ ಗುರುವಿನ ಹೆಸರನ್ನೇ ಇಟ್ಟರು. 1953ರಿಂದ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಬೋಧಿಸಿ ಪ್ರಾಂಶುಪಾಲರೂ ಆದರು. ವಿದ್ಯಾರ್ಥಿಗಳೊಡನೆ ಕಾಡು ಸುತ್ತಿದ ಅನುಭವವನ್ನು 'ಹಸುರು ಹೊನ್ನು' ಕೃತಿಯಲ್ಲಿ ನಗುನಗುತ್ತಾ ಹೇಳಿದರು. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. ವಿಸ್ತರಣಾ ಕಾರ್ಯಕರ್ತರು ಆ ಪುಸ್ತಕವನ್ನು ಓದಬೇಕೆಂಬುದು ನಮ್ಮ ಆಗ್ರಹ: ಗಿಡದ ವಿಷಯವನ್ನು ಬೇಸರ ತರಿಸದೆ ಹೇಳುವ ಬಗೆ ಅಲ್ಲಿದೆ. ಸ್ವಾಮಿಯವರು 1980ರ ನವೆಂಬರ್ 2ರಂದು ನಿಧನರಾದರು.