ಪಂಜೆ ಮಂಗೇಶರಾಯರು

ನಮ್ಮ ಅರಸೀಕೆರೆ, ಬೇಲೂರು, ಹಳೇಬೀಡು ಸೀಮೆಯ ಹಳ್ಳಿಗಳಲ್ಲಿ ಕೂಸು ಸಂಜೆಯ ವೇಳೆ ಹಟಮಾಡಿ ಅತ್ತರೆ, ಗುಮ್ಮನು ಬರುತ್ತಾನೆಂದು ಹೆದರಿಸಿ ಸುಮ್ಮನಿರಿಸುವ ವಾಡಿಕೆಯುಂಟು. ಅಳು ನಿಲ್ಲುತ್ತದೆ, ಭಯವಾದರೋ ಒಳಗೆ ಉಳಿಯುತ್ತದೆ. ಎಳೆಯರ ಭಯವನ್ನು ಹಾಡಿನಿಂದಲೂ ಕತೆಯಿಂದಲೂ ನೀಗಿಸಿದ ಒಬ್ಬ ಉಪಾಧ್ಯಾಯರ ಚರಿತ್ರೆಯನ್ನು ವಾಚಕರು ತಿಳಿಯುವದು ಹಿತಕರವಾಗಿದೆ.

ಪಂಜೆ ಮಂಗೇಶರಾಯರು 1874ನೇ ಇಸವಿ ಫೆಬ್ರವರಿ 22ರಲ್ಲಿ ದಕ್ಷಿಣ ಕನ್ನಡದ ಬಂಟವಾಳದಲ್ಲಿ ಹುಟ್ಟಿದರು. ಮನೆಯ ಮಾತು ಕೊಂಕಣಿ, ನೆರೆಹೊರೆಯ ಮಾತು ತುಳು, ಪಾಠಶಾಲೆಯ ಮಾತು ಕನ್ನಡ. ವಿದ್ಯಾರ್ಥಿಯಾಗಿರುವಾಗಲೇ ತಂದೆಯನ್ನು ಕಳಕೊಂಡು ಸಂಸಾರದ ಭಾರವನ್ನು ಹೊತ್ತರು. ಬಳಿಕ ಮಂಗಳೂರಿನಲ್ಲಿ ಕನ್ನಡ ಪಂಡಿತರಾಗಿಯೂ, ಶಾಲೆಗಳ ಇನ್‌ಸ್ಪೆಕ್ಟರರಾಗಿಯೂ, ಕೊನೆಗೆ ಮಡಿಕೇರಿಯ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿಯೂ ಸೇವೆ ಮಾಡಿದರು.

ಆ ಕಾಲದಲ್ಲಿ ಇನ್‌ಸ್ಪೆಕ್ಟರರು ಬರುತ್ತಾರೆಂದರೆ ಉಪಾಧ್ಯಾಯರೇ ನಡುಗುತ್ತಿದ್ದರು. ಮಕ್ಕಳ ಪಾಡನ್ನು ಹೇಳತಕ್ಕದ್ದೇನು? ಮಂಗೇಶರಾಯರಾದರೋ ಮಕ್ಕಳ ನಡುವೆ ನಿಂತು ಹಾಡುವರು, ಅಭಿನಯಿಸುವರು, ಕತೆ ಹೇಳುವರು. ಬೆತ್ತಕ್ಕೆ ಅಂಜಿ ಬಾಯಿ ಕಟ್ಟಿದ ಮಗುವು ತಾನಾಗಿ ದನಿಗೂಡಿಸುತ್ತಿತ್ತು. ಹೀಗೆ ಹಾಡತಕ್ಕ ಪದ್ಯಗಳು ಕನ್ನಡದಲ್ಲಿ ಸಾಲದೆ ಇದ್ದದರಿಂದ ಅವರು ತಾವೇ ಬರೆದರು; ಕವಿಶಿಷ್ಯ ಎಂಬ ಹೆಸರನ್ನು ಇಟ್ಟುಕೊಂಡರು. ಅವರು ಕೂಡಿಸಿದ ಪದ್ಯಪುಸ್ತಕಗಳನ್ನು ಮಂಗಳೂರಿನ ಬಾಸೆಲ್ ಮಿಷನಿನವರು ಅಚ್ಚುಹಾಕಿದರು. ಮಕ್ಕಳ ಪುಸ್ತಕಗಳಿಗಾಗಿ ಬಾಲಸಾಹಿತ್ಯ ಮಂಡಲವೂ ಉಂಟಾಯಿತು.

ಅವರ ನಾಗರಹಾವಿನ ಹಾಡನ್ನು ಅರಿಯದ ಕನ್ನಡಿಗರು ವಿರಳ. ಹೊಲದ ಬದುವಿನಲ್ಲಿ ನಿಜವಾದ ಹಾವನ್ನು ಕಂಡು ಬೆಚ್ಚುವ ಮಗುವು ಈ ಹಾಡಿನಲ್ಲಿ ಅದನ್ನು ಹತ್ತಿರಕ್ಕೆ ಕರೆಯುತ್ತದೆ, ಹಾಲು ಕೊಡುವೆನೆನ್ನುತ್ತದೆ, ಕೊಳಲೂದಿ ಆಡಿಸುತ್ತದೆ. ಕಡೆಗೆ ಅದರ ಮನದ ಹಗೆಯನ್ನು ನೆನಸಿ, ಕೈಮುಗಿದು ಹೊರಗೆ ಕಳುಹಿಸುತ್ತದೆ. ಎಚ್ಚರಿಕೆ ಉಳಿಯಿತು, ದಿಗಿಲು ಹೋಯಿತು. ಇದಲ್ಲದೆ ಹತ್ತು ಮಕ್ಕಳು ಕೂಡಿ ಹಾಡುವಾಗ ಒಬ್ಬರಿಗಾಗಿ ಒಬ್ಬರು ಕಾಯುವದನ್ನೂ, ಹಿಂದುಳಿದವನನ್ನು ಸೇರಿಸಿಕೊಳ್ಳುವದನ್ನೂ ಹೇಳಿಕೊಡದೆಯೇ ಕಲಿಯುತ್ತಾರೆ.

ರಾಯರು 1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. 1937ರ ಅಕ್ಟೋಬರಿನಲ್ಲಿ ಹೈದರಾಬಾದಿನಲ್ಲಿ ತೀರಿಕೊಂಡರು. ಅವರು ನಮ್ಮ ಸೀಮೆಯವರಲ್ಲ; ಆದರೂ ಅವರ ಹಾಡುಗಳು ಘಟ್ಟವನ್ನು ಹತ್ತಿ ಬಂದು ನಮ್ಮ ಮಕ್ಕಳ ನಾಲಿಗೆಯ ಮೇಲೆ ನೆಲೆಸಿವೆ.

ತಾಯಂದಿರೇ, ಅಂಗನವಾಡಿಯಲ್ಲಿ ಮೂರರಿಂದ ಆರು ವರುಷದ ಕೂಸುಗಳನ್ನು ಸಲಹುವ ಅಕ್ಕಂದಿರೇ, ಮಗುವು ಅತ್ತಾಗ ಗುಮ್ಮನನ್ನು ಕರೆಯಬೇಡಿರಿ. ಮೊದಲು ಅದನ್ನು ಮಡಿಲಿಗೆ ತೆಗೆದುಕೊಂಡು, ಯಾತಕ್ಕೆ ಹೆದರಿದೆಯೆಂದು ಕೇಳಿರಿ. ತರುವಾಯ ಅದರ ಸಂಗಡ ಒಂದು ಹಾಡು ಹಾಡಿರಿ. ಅಕ್ಷರಗಳನ್ನು ನಾಳೆ ಕಲಿಸಬಹುದು.