ಜಾವಾದ ಜನಕ ಫ್ರಾಂಟಿಶೆಕ್ ಯಾನೆಚೆಕ್

ಬಳ್ಳಾರಿಗೆ ಸಮೀಪದ ಸಂಗನಕಲ್ಲಿನ ಗುಡ್ಡಗಳಲ್ಲಿ ನವಶಿಲಾಯುಗದ ಜನರು ಕರಿಗಲ್ಲನ್ನು ಒಡೆದು, ಉಜ್ಜಿ, ಕೊಡಲಿಗಳನ್ನು ಮಾಡುತ್ತಿದ್ದರು. ಕೆಲಸದ ನಡುವೆ ಮುರಿದ ಕಲ್ಲನ್ನು ಬದಿಗಿಟ್ಟು ಅವರು ಮತ್ತೊಂದನ್ನು ಕೈಗೆತ್ತಿಕೊಳ್ಳುತ್ತಿದ್ದರು. ಉಪಕರಣ ಮಾಡುವವನಿಗೆ ಈ ಗುಣ ಯಂತ್ರಯುಗದಲ್ಲಿಯೂ ಬೇಕೆಂಬುದಕ್ಕೆ ಯಾನೆಚೆಕ್ಕನ ಜೀವನ ಒಂದು ನಿದರ್ಶನ.

ಫ್ರಾಂಟಿಶೆಕ್ ಯಾನೆಚೆಕ್ 1878ರಲ್ಲಿ ಬೊಹೀಮಿಯಾದ ಒಂದು ಹಳ್ಳಿಯಲ್ಲಿ ಜನಿಸಿದನು. ಯಂತ್ರವಿದ್ಯೆಯನ್ನು ಕಲಿತು ಆಯುಧಗಳ ತಯಾರಿಕೆಯಲ್ಲಿ ಹೆಸರು ಗಳಿಸಿದನು. ಮೊದಲನೆಯ ಮಹಾಯುದ್ಧ ಮುಗಿದು ಶಾಂತಿ ನೆಲೆಸಿದ ಮೇಲೆ ಆಯುಧಗಳನ್ನು ಕೊಳ್ಳುವವರು ಕಡಮೆಯಾದರು. ಕಾರ್ಖಾನೆಯೂ ಕೆಲಸಗಾರರೂ ಉಳಿಯಬೇಕಾದರೆ ಬೇರೆ ದಾರಿ ಹಿಡಿಯಲೇಬೇಕಾಯಿತು. ಆತನು 1929ರಲ್ಲಿ ಜರ್ಮನಿಯ ವಾಂಡರರ್ ಕಂಪೆನಿಯಿಂದ ಮೋಟಾರ್ ಸೈಕಲ್ ತಯಾರಿಸುವ ಹಕ್ಕನ್ನು ಕೊಂಡುಕೊಂಡನು. ತನ್ನ ಹೆಸರಿನ ಮೊದಲೆರಡು ಅಕ್ಷರಗಳಿಗೆ ವಾಂಡರರ್ ಹೆಸರಿನ ಮೊದಲೆರಡು ಅಕ್ಷರಗಳನ್ನು ಸೇರಿಸಿದಾಗ 'ಜಾವಾ' ಎಂಬ ಹೆಸರು ಹುಟ್ಟಿತು.

ಮೊದಲ ಜಾವಾ ಸಾಮಾನ್ಯವಾದ ಬಂಡಿಯಲ್ಲ. 500 ಸಿ.ಸಿ. ಎಂಜಿನ್, 18 ಅಶ್ವಶಕ್ತಿ, ಒತ್ತಿದ ಉಕ್ಕಿನ ಚೌಕಟ್ಟು. ಹಿಂಚಕ್ರವನ್ನು ತಿರುಗಿಸಲು ಸರಪಳಿಯ ಬದಲು ಉಕ್ಕಿನ ದಂಡ. ನೋಡಿದವರು ಮೆಚ್ಚಿದರು, ಆದರೆ ಬೆಲೆ ಬಲು ಹೆಚ್ಚು. ಅಷ್ಟರಲ್ಲಿಯೇ ಜಗತ್ತಿನ ಆರ್ಥಿಕ ಮುಗ್ಗಟ್ಟು ಬಂದೊದಗಿತು. ಭಾರಿ ಯಂತ್ರದ ಮೇಲಿನ ಅಭಿಮಾನಕ್ಕೆ ಅಂಟಿಕೊಂಡಿದ್ದರೆ ಕಾರ್ಖಾನೆಯೇ ಮುಳುಗುತ್ತಿತ್ತು. ಯಾನೆಚೆಕ್ ಹಟ ಹಿಡಿಯಲಿಲ್ಲ. ಇಂಗ್ಲೆಂಡಿನ ಯಂತ್ರಶಿಲ್ಪಿ ಪ್ಯಾಚೆಟ್ ಎಂಬವನ ನೆರವಿನಿಂದ, ವಿಲ್ಲಿಯರ್ಸ್ ಎಂಜಿನ್ ಅಳವಡಿಸಿದ 175 ಸಿ.ಸಿ. ಹಗುರ ಬಂಡಿಯನ್ನು 1932ರಲ್ಲಿ ಹೊರತಂದನು. ಅದು ಜನಸಾಮಾನ್ಯರ ಕೈಗೆಟುಕಿತು, ಕಾರ್ಖಾನೆ ಉಳಿಯಿತು.

1939ರಲ್ಲಿ ಜರ್ಮನರು ದೇಶವನ್ನಾಕ್ರಮಿಸಿದರು. ಯಾನೆಚೆಕ್ 1941ರಲ್ಲಿ ತೀರಿಕೊಂಡನು. ಸ್ವಾತಂತ್ರ್ಯ ಮರಳಿದುದನ್ನು ಕಾಣುವ ಭಾಗ್ಯ ಆತನಿಗಿರಲಿಲ್ಲ. ಆಕ್ರಮಣಕಾರರ ಕಣ್ತಪ್ಪಿಸಿ ಅವನ ಕಾರ್ಖಾನೆಯ ಜನರು ರೂಪಿಸಿದ 250 ಸಿ.ಸಿ. ಬಂಡಿ 1946ರಲ್ಲಿ ಲೋಕದ ಮುಂದೆ ಬಂದಿತು.

ಆ ವಂಶದ ಬಂಡಿಗಳೇ ನಮ್ಮ ನಾಡಿಗೂ ಬಂದವು. 1961ರಿಂದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಅವುಗಳನ್ನು ತಯಾರಿಸಿತು. 1973ರಿಂದ ಅವು ಯೆಜ್ದಿ ಎನಿಸಿದವು. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಆದರೂ 2018ರಲ್ಲಿ ಜಾವಾ, 2022ರಲ್ಲಿ ಯೆಜ್ದಿ ಹೆಸರುಗಳು ನಮ್ಮ ರಸ್ತೆಗಳಿಗೆ ಮರಳಿದವು.

ದೊಡ್ಡದನ್ನು ಕಟ್ಟುವ ಧೈರ್ಯ ಹಲವರಲ್ಲಿರುತ್ತದೆ. ಕಟ್ಟಿದ್ದು ಸಲ್ಲದೆಂದು ಕಂಡಾಗ ಅದನ್ನು ಬದಿಗಿಟ್ಟು ಚಿಕ್ಕದರಿಂದ ಮತ್ತೆ ಮೊದಲಿಡುವ ಧೈರ್ಯ ವಿರಳ. ಯಾನೆಚೆಕ್ಕನ ಹಿರಿಮೆ ಇರುವುದು ಅಲ್ಲಿಯೇ.